ಮೊದಲು ತಿಥಿ ನೋಡಿ, ಆಮೇಲೆ ಟಿಕೆಟ್

ಪ್ರಶ್ನೆ: ನಾವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಮಾವು ಬೆಳೆಗಾರರು. ಕೊಯ್ಲು ಮುಗಿದ ಮೇಲೆ, ಜುಲೈನಲ್ಲಿ, ಮನೆಮಂದಿಯೆಲ್ಲ ಅಂಡಮಾನಿಗೆ ಹೋಗಿಬರುವ ಆಸೆ. ಐದು ರಾತ್ರಿ, ಆರು ಹಗಲಿನಲ್ಲಿ ಹದಿನೈದು ಸಾಹಸ ಚಟುವಟಿಕೆ ಮಾಡಿಸುತ್ತೇವೆಂದು ಏಜೆಂಟರೊಬ್ಬರು ಪಟ್ಟಿ ಕೊಟ್ಟಿದ್ದಾರೆ. ನನಗೆ 47 ವರ್ಷ, ಬಿಪಿ ಮಾತ್ರೆ ನುಂಗುತ್ತೇನೆ. ಹೆಂಡತಿಗೆ ನೀರೆಂದರೆ ಭಯ. ಮಗಳಿಗೆ 19, ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಸ್ಕೂಬಾ ಮಾಡಲೇಬೇಕೆಂದು ಹಟ. ಮಗನಿಗೆ 11. ತಾಯಿಗೆ 68, ಅವರಿಗೆ ಬೇಕಾಗಿರುವುದು ಸಮುದ್ರಸ್ನಾನ ಮತ್ತು ದೇವರ ಮನೆಗೆ ಒಂದು ಶಂಖ. ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಪಟ್ಟಿಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಮಡಿಸಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡಿ. ಕ್ಯಾಲೆಂಡರನ್ನು ಮಾತ್ರ ಕೈಗೆ ತೆಗೆದುಕೊಳ್ಳಿ. ದ್ವೀಪದಲ್ಲಿ ಏನು ಮಾಡಬಹುದು ಎಂಬುದನ್ನು ಏಜೆಂಟರು ತೀರ್ಮಾನಿಸುವುದಿಲ್ಲ, ನೀವೂ ತೀರ್ಮಾನಿಸುವುದಿಲ್ಲ. ಗಾಳಿ, ಚಂದ್ರ ಮತ್ತು ನಿಮ್ಮ ಕಿವಿ, ಈ ಮೂರು ತೀರ್ಮಾನಿಸುತ್ತವೆ. ಕೋಲಾರ, ಕೆಜಿಎಫ್ ಕಡೆಯವರನ್ನು ಹಲವು ವರ್ಷಗಳಿಂದ ದ್ವೀಪಗಳಿಗೆ ಕರೆದುಕೊಂಡು ಹೋಗುತ್ತಿರುವ ನಾನು ನೋಡಿದಂತೆ, ಪ್ರವಾಸ ಕೆಟ್ಟವರಲ್ಲಿ ಹೆಚ್ಚಿನವರು ತಪ್ಪು ಚಟುವಟಿಕೆ ಆರಿಸಿಕೊಂಡವರಲ್ಲ, ತಪ್ಪು ದಿನ ಆರಿಸಿಕೊಂಡವರು.

ಜುಲೈ ನಿಮಗೆ ಅನುಕೂಲ, ಸರಿ. ತೋಟ ಖಾಲಿ, ಕೈಯಲ್ಲಿ ದುಡ್ಡು. ಆದರೆ ನೈಋತ್ಯ ಮುಂಗಾರು ಕೇರಳಕ್ಕೆ ಬರುವ ಮೊದಲೇ, ಮೇ ತಿಂಗಳ ಎರಡನೇ ಭಾಗದಲ್ಲಿ, ಅಂಡಮಾನನ್ನು ಮುಟ್ಟುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,000 ಮಿಲಿಮೀಟರ್. ನಮ್ಮ ಜಿಲ್ಲೆಯ ನಾಲ್ಕು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ ಬರುತ್ತದೆ ಎಂದುಕೊಳ್ಳಿ. ಮಳೆಯೊಂದೇ ಆಗಿದ್ದರೆ ನೆನೆದುಕೊಂಡು ಇರಬಹುದಿತ್ತು. ತೊಂದರೆ ಕೊಡುವುದು ಗಾಳಿ. ಅದು ನೈಋತ್ಯದಿಂದ ಬೀಸುವಾಗ ಪಶ್ಚಿಮಕ್ಕೆ ಮುಖ ಮಾಡಿರುವ ರಾಧಾನಗರದಂಥ ತೀರಗಳಲ್ಲಿ ಅಲೆ ಏಳುತ್ತದೆ, ನೀರು ಕದಡುತ್ತದೆ, ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳು ರದ್ದಾಗುತ್ತವೆ. ಜುಲೈನಲ್ಲಿ ಒಳ್ಳೆಯ ದಿನಗಳೇ ಇಲ್ಲವೆಂದು ಹೇಳಲಾರೆ. ಆದರೆ ಆರು ದಿನಕ್ಕೆಂದು ಹೋದವರು ಒಳ್ಳೆಯ ದಿನಕ್ಕಾಗಿ ಕಾಯುತ್ತಾ ಕೂರಲು ಆಗುವುದಿಲ್ಲ. ಆ ತಿಂಗಳು ಪ್ಯಾಕೇಜ್ ಅಗ್ಗವಾಗಿರುವುದು ಏಜೆಂಟರ ಔದಾರ್ಯದಿಂದಲ್ಲ.

ನವೆಂಬರಿನಲ್ಲಿ ಹೋಗಬಹುದೇ ಎಂದು ನೀವು ಕೇಳುತ್ತೀರಿ. ಮರ ಹೂ ಬಿಡುವ ಮೊದಲು ತೋಟದಲ್ಲಿ ಬಿಡುವಿರುತ್ತದೆ. ಆದರೆ ಅಕ್ಟೋಬರಿನಿಂದ ಡಿಸೆಂಬರ್ ಮೊದಲ ಭಾಗದವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಕಾಲ. ಚೆನ್ನೈಗೆ ಬಂದು ಅಪ್ಪಳಿಸುವ ಎಷ್ಟೋ ಚಂಡಮಾರುತಗಳು ಮೊದಲು ಕಣ್ಣು ಬಿಡುವುದು ಅಂಡಮಾನಿನ ಸುತ್ತಮುತ್ತಲೇ. ಜನವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಸಮುದ್ರ ಸುಮ್ಮನಿರುತ್ತದೆ. ಏಪ್ರಿಲ್ ಎಂದರೆ ನಿಮಗೆ ಕಾಯಿ, ಮಾರ್ಚ್ ಎಂದರೆ ಮಕ್ಕಳಿಗೆ ಪರೀಕ್ಷೆ. ಉಳಿದದ್ದು ಫೆಬ್ರವರಿ. ಹೂವಿಗೆ, ಹೀಚಿಗೆ ಔಷಧಿ ಹೊಡೆಯುವ ಕಾಲವದು, ನನಗೆ ಗೊತ್ತು. ಆದರೆ ಒಂದು ಸಿಂಪಡಣೆಗೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಬಿಡಬೇಕೆಂದು ನಿಮಗೇ ಗೊತ್ತಿದೆ. ಆ ಸಂದಿನಲ್ಲಿ ಒಂದು ವಾರ ನುಸುಳಿಕೊಂಡು ಹೋಗಿ ಬನ್ನಿ. ತೋಟಕ್ಕೆ ಅಣ್ಣನೋ ಬಾವನೋ ಯಾರಾದರೂ ಇದ್ದೇ ಇರುತ್ತಾರೆ.

ತಿಂಗಳು ಗೊತ್ತಾಯಿತು. ಇನ್ನು ವಾರ ಯಾವುದು? ಇಲ್ಲಿ ನಿಮ್ಮ ತಾಯಿಯವರು ಏಜೆಂಟರಿಗಿಂತ ಬುದ್ಧಿವಂತರು. ಪಂಚಾಂಗ ತೆಗೆಸಿ.

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರವಿಳಿತ ಜೋರಾಗುತ್ತದೆ. ಅಂಡಮಾನಿನಲ್ಲಿ ಆಗ ನೀರು ಹೆಚ್ಚು ಕಡಿಮೆ ಎರಡು ಮೀಟರ್ ಏರಿ ಇಳಿಯುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಒಳಗೆ ಬಂದು ಮತ್ತೆ ಆರು ಗಂಟೆಯಲ್ಲಿ ಹೊರಗೆ ಹೋಗಬೇಕಾದರೆ ಸೆಳವು ಹೆಚ್ಚುತ್ತದೆ, ತಳದ ಮರಳು ಎದ್ದು ನೀರು ಮಬ್ಬಾಗುತ್ತದೆ. ಅಷ್ಟಮಿ ಮತ್ತು ಅದರ ಮರುದಿನ, ಮೂರನೇ ದಿನಗಳಲ್ಲಿ ಈ ಏರಿಳಿತ ಅತಿ ಕಡಿಮೆ. ಈಜು ಬಾರದವರಿಗೂ ಹೊಸದಾಗಿ ನೀರಿಗಿಳಿಯುವವರಿಗೂ ಅಷ್ಟಮಿಯ ನೀರೇ ಒಳ್ಳೆಯದು.

ಎರಡು ಅಷ್ಟಮಿಗಳಲ್ಲಿ ನನ್ನ ಆಯ್ಕೆ ಕೃಷ್ಣ ಪಕ್ಷದ್ದು, ಅದಕ್ಕೆ ಇನ್ನೊಂದು ಕಾರಣವಿದೆ. ಹ್ಯಾವ್‌ಲಾಕ್ ದ್ವೀಪದಲ್ಲಿ, ಅಂದರೆ 2018ರ ಕೊನೆಯಿಂದ ಸ್ವರಾಜ್ ದ್ವೀಪ ಎನಿಸಿಕೊಂಡಿರುವಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ರಾತ್ರಿ ಕಯಾಕಿಂಗ್ ಮಾಡಿಸುತ್ತಾರೆ. ಕಯಾಕ್ ಎಂದರೆ ಹುಟ್ಟು ಹಾಕುವ ಸಣ್ಣ ದೋಣಿ, ಇಬ್ಬರು ಕೂರಬಹುದು. ನೀರಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಕಲಕಿದರೆ ಬೆಳಗುತ್ತವೆ. ಹುಟ್ಟು ಮುಳುಗಿಸಿದ ಕಡೆಯಲ್ಲೆಲ್ಲ ನೀಲಿ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ, ಕೈ ಅದ್ದಿ ತೆಗೆದರೆ ಬೆರಳ ಸಂದಿಯಿಂದ ಬೆಳಕು ತೊಟ್ಟಿಕ್ಕುತ್ತದೆ. ಇದಕ್ಕೆ ಕತ್ತಲೆ ಬೇಕು. ಹಾಗಾಗಿ ಎಲ್ಲರೂ ಅಮಾವಾಸ್ಯೆಗೆ ಟಿಕೆಟ್ ಮಾಡಿಸುತ್ತಾರೆ, ಮರುದಿನ ಬೆಳಿಗ್ಗೆ ಸ್ಕೂಬಾಕ್ಕೆ ಹೋಗಿ ಮಬ್ಬು ನೀರು ನೋಡಿ ಬೇಸರಪಟ್ಟುಕೊಳ್ಳುತ್ತಾರೆ. ಕೃಷ್ಣ ಅಷ್ಟಮಿಯಂದು ಚಂದ್ರ ಹುಟ್ಟುವುದೇ ಮಧ್ಯರಾತ್ರಿಯ ಆಸುಪಾಸಿಗೆ. ಸಂಜೆ ಏಳರಿಂದ ಒಂಬತ್ತರವರೆಗೆ ಕತ್ತಲೆಗೆ ಕೊರತೆಯಿಲ್ಲ, ಹಗಲಿನಲ್ಲಿ ನೀರೂ ಶಾಂತ. ಒಂದೇ ವಾರದಲ್ಲಿ ಎರಡೂ ಸಿಗುತ್ತವೆ. ಆ ಬೆಳಕು ಪ್ರತಿ ರಾತ್ರಿಯೂ ಒಂದೇ ತರಹ ಇರುವುದಿಲ್ಲ, ಅದಕ್ಕೆ ಯಾರೂ ಖಾತ್ರಿ ಕೊಡಲಾರರು. ಖಾತ್ರಿ ಎಂದು ಹೇಳಿ ದುಡ್ಡು ಕೇಳಿದವರ ಬಳಿ ಹೋಗಬೇಡಿ.

ಗಡಿಯಾರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಡಮಾನ್ ನಮಗಿಂತ ಸುಮಾರು ಹದಿನೈದು ಡಿಗ್ರಿ ಪೂರ್ವಕ್ಕಿದೆ, ಆದರೆ ಗಡಿಯಾರ ನಮ್ಮದೇ. ಹಾಗಾಗಿ ಅಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಕೋಲಾರಕ್ಕಿಂತ ಒಂದು ಗಂಟೆ ಮೊದಲು. ಫೆಬ್ರವರಿಯಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಡುವ ಪ್ರವಾಸಿಗೆ ಅಲ್ಲಿ ದಿನವೇ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೆ ನೀರಿನ ಬಳಿ ಇರಬೇಕು. ನಸುಕಿನಲ್ಲೆದ್ದು ತೋಟಕ್ಕೆ ಹೋಗುವ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ. ನಿಮ್ಮ ಮಗಳಿಗೆ ಹೇಳಬೇಕಾದೀತು.

ಈಗ ಈಜಿನ ಮಾತು. ನಮ್ಮ ಅಜ್ಜಂದಿರೆಲ್ಲ ಈಜು ಬಲ್ಲವರಾಗಿದ್ದರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ತೆರೆದ ಬಾವಿಗೆ ತಳ್ಳುತ್ತಿದ್ದರು, ಮೂರನೇ ದಿನಕ್ಕೆ ಬುರುಡೆ ಬಿಚ್ಚುತ್ತಿದ್ದರು. ಬಾವಿಗಳು ಬತ್ತಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಬಂದ ಮೇಲೆ ಜಿಲ್ಲೆಯಲ್ಲಿ ಎರಡು ತಲೆಮಾರು ನೀರಿಗೇ ಇಳಿಯದೆ ಬೆಳೆಯಿತು. ನಿಮ್ಮ ಮನೆಯಲ್ಲಿ ಯಾರಿಗೂ ಈಜು ಬಾರದಿರುವುದಕ್ಕೆ ಅದೇ ಕಾರಣ, ನಾಚಿಕೆ ಬೇಡ.

ಆದರೆ ಕಲಿಯುವ ಉತ್ಸಾಹದಲ್ಲಿ ನಿಮ್ಮ ಕೃಷಿ ಹೊಂಡಕ್ಕೆ ಮಾತ್ರ ಇಳಿಯಬೇಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನ ಮೇಲೆ ಪಾಚಿ ಕಟ್ಟಿರುತ್ತದೆ. ಒಳಗೆ ಜಾರಿದವರು ಎರಡು ಅಡಿ ಮೇಲೇರಿದರೆ ಮೂರು ಅಡಿ ಕೆಳಗೆ ಜಾರುತ್ತಾರೆ, ಹಿಡಿಯಲು ಒಂದು ಕಲ್ಲು, ಒಂದು ಬೇರು ಇರುವುದಿಲ್ಲ. ಈಜು ಬಲ್ಲವರೂ ದಣಿದು ಅದರಲ್ಲಿಯೇ ಮುಳುಗಿದ್ದಾರೆ. ಹೊಂಡದ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿಲ್ಲವಾದರೆ ಈ ಉತ್ತರ ಓದುವುದನ್ನು ನಿಲ್ಲಿಸಿ ಮೊದಲು ಅದನ್ನು ಕಟ್ಟಿ ಬನ್ನಿ. ಕೆರೆಗಳೂ ಬೇಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲಕ್ಕೆ ಅದು ಬಂದದ್ದು ಬೇರೆ ಮಾತು, ಮುಖ ಮುಳುಗಿಸುವ ನೀರು ಅದಲ್ಲ.

ತರಬೇತುದಾರರಿರುವ ಈಜುಕೊಳಕ್ಕೆ ಹೋಗಿ. ಕೋಲಾರದಲ್ಲೋ ಬೆಂಗಳೂರಿನಲ್ಲೋ, ವಾರಕ್ಕೆ ಎರಡು ಸಲ, ಆರು ವಾರ. ಮೀನಿನ ಹಾಗೆ ಈಜುವುದನ್ನು ಕಲಿಯಬೇಕಿಲ್ಲ. ಬೆನ್ನ ಮೇಲೆ ಎರಡು ನಿಮಿಷ ತೇಲುವುದು, ಮುಖ ಮುಳುಗಿಸಿ ನಿಧಾನವಾಗಿ ಉಸಿರು ಬಿಡುವುದು, ಮೂಗಿಗೆ ನೀರು ಹೋದಾಗ ಗಾಬರಿಯಾಗದಿರುವುದು, ಇಷ್ಟು ಬಂದರೆ ಸಾಕು. ನಿಮ್ಮ ಪತ್ನಿಯವರಿಗೆ ಇದನ್ನು ಒತ್ತಾಯದಿಂದ ಮಾಡಿಸಬೇಡಿ. ಅವರು ಮನೆಯಲ್ಲಿಯೇ ಒಂದು ದೊಡ್ಡ ತೊಟ್ಟಿಯ ಮುಂದೆ ಕುಳಿತು, ಸ್ನಾರ್ಕೆಲ್ ಕನ್ನಡಕ ಹಾಕಿ ಕೊಳವೆ ಕಚ್ಚಿ ಮುಖವನ್ನು ನೀರಿಗೆ ಹಚ್ಚಿ ಬಾಯಿಂದ ಉಸಿರಾಡಲಿ. ನೀರಿಗೆ ಹೆದರುವವರು ಹೆದರುವುದು ಹೆಚ್ಚಾಗಿ ಆಳಕ್ಕಲ್ಲ, ಮೂಗು ಮುಚ್ಚಿಹೋಗುವುದಕ್ಕೆ. ಮೂಗು ಮುಚ್ಚಿದರೂ ಬಾಯಿಂದ ಉಸಿರು ನಡೆಯುತ್ತದೆ ಎಂಬುದು ಮೈಗೆ ಗೊತ್ತಾದ ದಿನ ಭಯ ಅರ್ಧ ಇಳಿಯುತ್ತದೆ. ಪೂರ್ತಿ ಇಳಿಯದಿದ್ದರೂ ಪರವಾಗಿಲ್ಲ, ಅವರಿಗೆ ಬೇರೆ ದಾರಿಗಳಿವೆ.

ಕಿವಿಯ ವಿಷಯಕ್ಕೆ ಬರುತ್ತೇನೆ. ಪ್ಯಾಕೇಜಿನ ಕಾಗದದಲ್ಲಿ ಇದರ ಸುಳಿವೇ ಇರುವುದಿಲ್ಲ, ಆದರೆ ನೀರೊಳಗೆ ಹೋಗುವ ಎಲ್ಲ ಸಾಹಸದ ಬಾಗಿಲು ಇದೇ.

ನನ್ನ ಅಜ್ಜ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಸುಮಾರು 3,200 ಮೀಟರ್ ಆಳದ ಗಣಿ ಅದು, 2001ರ ಫೆಬ್ರವರಿಯಲ್ಲಿ ಮುಚ್ಚಿತು. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿಯುವಾಗ ಹೊಸ ಹುಡುಗರು ಕಿವಿ ಹಿಡಿದುಕೊಂಡು ಕೂಗುತ್ತಿದ್ದರಂತೆ. ಹಳಬರು ಬಾಯಲ್ಲಿ ಒಂದು ಹಿಡಿ ಹುರಿಗಡಲೆ ಹಾಕಿಕೊಂಡು ಅಗಿಯುತ್ತಾ ಇಳಿಯುತ್ತಿದ್ದರಂತೆ. ಅಗಿದಾಗ, ನುಂಗಿದಾಗ, ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾಗುತ್ತದೆ. ಈಗ ಲೆಕ್ಕ ನೋಡಿ. ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದಾಗ ಗಾಳಿಯ ಒತ್ತಡ ಎಷ್ಟು ಏರುತ್ತದೋ, ಸಮುದ್ರದಲ್ಲಿ ಬರೀ ನಾಲ್ಕು ಮೀಟರ್ ಇಳಿದರೆ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಅಜ್ಜನ ಇಡೀ ಗಣಿ ನಾಲ್ಕು ಮೀಟರ್ ನೀರಿನಲ್ಲಿ ಮುಗಿದುಹೋಗುತ್ತದೆ! ಹತ್ತು ಮೀಟರಿಗೆ ಒತ್ತಡ ಸಮುದ್ರಮಟ್ಟದ ಎರಡರಷ್ಟು.

ಆದ್ದರಿಂದ ಇಳಿಯುವಾಗ ಮೂಗನ್ನು ಬೆರಳುಗಳಿಂದ ಹಿಡಿದು, ಬಾಯಿ ಮುಚ್ಚಿಕೊಂಡು, ಮೆಲ್ಲಗೆ ಊದಬೇಕು. ಕಿವಿಯಲ್ಲಿ ‘ಟಪ್’ ಎಂದರೆ ಆಯಿತು. ಇದನ್ನು ಪ್ರತಿ ಅರ್ಧ ಮೀಟರಿಗೆ, ನೋವು ಬರುವ ಮೊದಲೇ, ಮಾಡುತ್ತಾ ಹೋಗಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ಕಿವಿಯ ತಮಟೆ ಹರಿಯಬಹುದು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು, ಆಗದಿದ್ದರೆ ಆ ದಿನ ಬಿಟ್ಟುಬಿಡಬೇಕು. ಶೀತವಿದ್ದರೆ ಇಳಿಯಲೇಬಾರದು. ನಾನು ಮೊದಲ ಸಲ ಇಳಿದಾಗ ನೆಗಡಿಯಿತ್ತು. ಕೇಂದ್ರದವರು ಕೇಳಲಿಲ್ಲ, ದುಡ್ಡು ಕಟ್ಟಿದ್ದೇನಲ್ಲ ಎಂದು ನಾನೂ ಹೇಳಲಿಲ್ಲ. ಮೇಲೆ ಬಂದಾಗ ಕನ್ನಡಕದೊಳಗೆ ನೀರಿಗೆ ರಕ್ತ ಬೆರೆತಿತ್ತು. ಆಮೇಲೆ ಹತ್ತು ದಿನ ನನ್ನ ಎಡಗಿವಿಗೆ ಜಗತ್ತು ಪಕ್ಕದ ಮನೆಯ ರೇಡಿಯೊ ಹಾಗೆ ಕೇಳಿಸುತ್ತಿತ್ತು. ಹೊರಡುವ ಎರಡು ವಾರ ಮೊದಲು ಐವರೂ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ ಗುಗ್ಗೆ ತೆಗೆಸಿಕೊಳ್ಳಿ.

ವೈದ್ಯರ ಬಳಿ ಇನ್ನೊಂದು ಕೆಲಸವೂ ಇದೆ. ಸ್ಕೂಬಾ ಕೇಂದ್ರಗಳು ಆರೋಗ್ಯದ ಪ್ರಶ್ನಾವಳಿಗೆ ಸಹಿ ಹಾಕಿಸಿಕೊಳ್ಳುತ್ತವೆ. ಉಬ್ಬಸ, ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಅದರಲ್ಲಿ ಕೇಳಿರುತ್ತದೆ. 45 ದಾಟಿದವರಿಗೆ ಹೆಚ್ಚಿನ ಪ್ರಶ್ನೆಗಳಿರುತ್ತವೆ. ಜೆಟ್ಟಿಯ ಮೇಲೆ, ದೋಣಿ ಹೊರಡಲು ಎರಡು ನಿಮಿಷ ಇರುವಾಗ ಈ ಕಾಗದ ಕೈಗೆ ಬರುತ್ತದೆ. ಆಗ ಎಲ್ಲರೂ ‘ಇಲ್ಲ, ಇಲ್ಲ, ಇಲ್ಲ’ ಎಂದು ಗೀಚಿ ಕೊಡುತ್ತಾರೆ. ನೀವು ಹಾಗೆ ಮಾಡಬೇಡಿ. ದುಡ್ಡು ಕಟ್ಟುವ ಮೊದಲೇ ಆ ನಮೂನೆಯನ್ನು ಮೊಬೈಲಿಗೆ ತರಿಸಿಕೊಂಡು ಇಲ್ಲಿಯ ವೈದ್ಯರಿಗೆ ತೋರಿಸಿ, ನಿಮ್ಮ ಬಿಪಿ ಮಾತ್ರೆಯ ಹೆಸರು ಹೇಳಿ, ಲಿಖಿತ ಪತ್ರ ಪಡೆಯಿರಿ. ಪತ್ರವಿದ್ದರೂ ಕೇಂದ್ರದವರು ಬೇಡವೆಂದರೆ ವಾದಿಸಬೇಡಿ. ಬೇಡವೆನ್ನುವ ಕೇಂದ್ರ ಒಳ್ಳೆಯ ಕೇಂದ್ರ.

ಮಗಳ ವಿಷಯ ನಿಮ್ಮದಕ್ಕಿಂತ ಸೂಕ್ಷ್ಮ. ನೀರಿನಡಿ ಸಿಲಿಂಡರಿನಿಂದ ಉಸಿರಾಡುವಾಗ ಒಂದು ನಿಯಮ ಎಲ್ಲಕ್ಕಿಂತ ದೊಡ್ಡದು: ಉಸಿರು ಕಟ್ಟಬಾರದು. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡುತ್ತಾ ಬಂದರೆ ಅದು ಹೊರಗೆ ಹೋಗುತ್ತದೆ. ಕಟ್ಟಿಕೊಂಡು ಬಂದರೆ ಶ್ವಾಸಕೋಶಕ್ಕೇ ಹಾನಿ. ಉಬ್ಬಸವಿರುವವರಲ್ಲಿ ಸಣ್ಣ ಶ್ವಾಸನಾಳ ಬಿಗಿದುಕೊಂಡರೆ ಉಸಿರು ಬಿಟ್ಟರೂ ಒಂದಷ್ಟು ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ಭಯ ಅದರದ್ದು. ಎಷ್ಟು ವರ್ಷದಿಂದ ಉಬ್ಬಸ ಬಂದಿಲ್ಲ, ಓಡಿದಾಗ, ತಣ್ಣನೆಯ ಗಾಳಿಗೆ ಎದೆ ಬಿಗಿಯುತ್ತದೆಯೇ ಎಂಬುದನ್ನೆಲ್ಲ ಶ್ವಾಸಕೋಶ ತಜ್ಞರು ಉಸಿರಿನ ಪರೀಕ್ಷೆ ಮಾಡಿ ನೋಡಬೇಕು. ಅವರು ಸರಿ ಎಂದರೆ ಹುಡುಗಿ ಖಂಡಿತ ಇಳಿಯಲಿ. ಬೇಡವೆಂದರೆ ಸ್ನಾರ್ಕೆಲಿಂಗ್, ಅಂದರೆ ಕೊಳವೆ ಕಚ್ಚಿ ನೀರಿನ ಮೇಲೆಯೇ ತೇಲುತ್ತಾ ಕೆಳಗೆ ನೋಡುವುದು, ಇದೆ. ಅದರ ಬಗ್ಗೆಯೂ ವೈದ್ಯರನ್ನು ಕೇಳಿ, ಇನ್‌ಹೇಲರ್ ದೋಣಿಯಲ್ಲಿರಲಿ.

ಮಗನಿಗೆ 11 ಎಂದಿರಿ. ಪಾಡಿಯಂಥ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳ ನಿಯಮದಂತೆ ಹತ್ತು ತುಂಬಿದವರು ತರಬೇತುದಾರರ ಜೊತೆ 12 ಮೀಟರಿನವರೆಗೆ ಇಳಿಯಬಹುದು. ವಯಸ್ಸು ಸಾಕು, ಮನಸ್ಸಿದೆಯೇ ಎಂಬುದನ್ನು ಅವನ ಅಕ್ಕ ಹತ್ತಿರ ಇಲ್ಲದಿರುವಾಗ ಕೇಳಿ. ಅಕ್ಕನ ಮುಂದೆ ‘ಹೂಂ’ ಎಂದ ಹುಡುಗರು ಎರಡು ಮೀಟರ್ ಆಳದಲ್ಲಿ ಅಳುವುದನ್ನು ನೋಡಿದ್ದೇನೆ. ಕನ್ನಡಕದೊಳಗೆ ಅಳು ಒರೆಸಿಕೊಳ್ಳಲೂ ಆಗುವುದಿಲ್ಲ ಪಾಪ.

ಕೇಂದ್ರದವರಿಗೆ ಫೋನಿನಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಒಬ್ಬರಿಗೆ ಒಬ್ಬ ತರಬೇತುದಾರ ಇರುತ್ತಾರೆಯೇ? ಎದೆಮಟ್ಟದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿಸುತ್ತಾರೆಯೇ? ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ? ಈ ಮೂರಕ್ಕೆ ಉತ್ತರ ಕೊಡುವ ಮೊದಲು ಫೋಟೊ, ವಿಡಿಯೊ ಉಚಿತ ಎನ್ನತೊಡಗಿದರೆ ಇನ್ನೊಂದು ನಂಬರ್ ಹುಡುಕಿ.

ನಮ್ಮ ಕಡೆಯವರಿಗೆ ಎರಡು ಸಣ್ಣ ಎಚ್ಚರಿಕೆ. ನಿಮಗೆ ಗಟ್ಟಿ ಮೀಸೆ ಇದ್ದರೆ ಕನ್ನಡಕದ ರಬ್ಬರ್ ಮೇಲ್ದುಟಿಗೆ ಕೂರದೆ ನೀರು ಒಸರುತ್ತಲೇ ಇರುತ್ತದೆ. ಮೂಗಿನ ಕೆಳಗೆ ತೆಳ್ಳನೆಯ ಒಂದು ಗೆರೆಯಷ್ಟು ಬೋಳಿಸಿಕೊಂಡರೆ ಸಾಕು, ಮೀಸೆಯ ಮರ್ಯಾದೆಗೆ ಕುಂದಿಲ್ಲ. ಇನ್ನೊಂದು, ಹೆಬ್ಬೆರಳು. ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಬಂಗಾರಪೇಟೆಯಿಂದ ನನ್ನ ಜೊತೆ ಬಂದಿದ್ದ ಹುಡುಗನೊಬ್ಬ ಮೊದಲ ಹವಳದ ದಿಬ್ಬ ಕಂಡ ಖುಷಿಗೆ ಎರಡೂ ಹೆಬ್ಬೆರಳು ಎತ್ತಿದ. ತರಬೇತುದಾರ ಅವನನ್ನು ಮೇಲಕ್ಕೆ ಕರೆತಂದ. ಮತ್ತೆ ಇಳಿದರು, ಅವನು ಆಮೆ ಕಂಡು ಮತ್ತೆ ಎತ್ತಿದ. ಅವನ ಸ್ಕೂಬಾ ಹನ್ನೊಂದು ನಿಮಿಷಕ್ಕೆ ಮುಗಿಯಿತು.

ಬಟ್ಟೆಯ ಬಗ್ಗೆ ಹೆಂಗಸರು ಕೇಳುವುದಿಲ್ಲ, ಆದರೆ ಕೇಳಬೇಕು. ನೀರಿನಲ್ಲಿ ಸೀರೆ, ದುಪಟ್ಟಾ, ಸಡಿಲ ಚೂಡಿದಾರ್ ಅಪಾಯ. ಕಾಲಿಗೂ ಯಂತ್ರಕ್ಕೂ ಸುತ್ತಿಕೊಳ್ಳುತ್ತವೆ. ಮೈಗಂಟುವ ಉದ್ದ ತೋಳಿನ ಅಂಗಿ, ಉದ್ದ ಲೆಗ್ಗಿಂಗ್ಸ್ ಇರಲಿ. ಮಾನಕ್ಕೂ ಆಯಿತು, ಬಿಸಿಲಿಗೂ ಆಯಿತು. ಸ್ನಾರ್ಕೆಲಿಂಗ್ ಮಾಡುವಾಗ ಬೆನ್ನು ಒಂದು ಗಂಟೆ ಆಕಾಶಕ್ಕೆ ಒಡ್ಡಿಕೊಂಡಿರುತ್ತದೆ, ತಣ್ಣನೆಯ ನೀರಿನಲ್ಲಿ ಸುಟ್ಟದ್ದು ಗೊತ್ತಾಗುವುದಿಲ್ಲ. ರಾತ್ರಿ ಅಂಗಾತ ಮಲಗಲು ಆಗದಿದ್ದಾಗ ಗೊತ್ತಾಗುತ್ತದೆ. ತಾಳಿ, ಓಲೆ, ಕಾಲುಂಗುರ ಲಾಡ್ಜಿನಲ್ಲಿ ಬಿಟ್ಟು ಬನ್ನಿ. ಸಮುದ್ರಕ್ಕೆ ಬಿದ್ದ ಚಿನ್ನವನ್ನು ಕೆಜಿಎಫ್‌ನವರೂ ತೆಗೆದುಕೊಡಲಾರರು.

ಪಟ್ಟಿಯಲ್ಲಿ ಉಳಿದವನ್ನು ಬೇಗ ಮುಗಿಸುತ್ತೇನೆ. ಸೀ ವಾಕ್ ಎಂದರೆ ಗಾಳಿ ಬರುವ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಏಣಿಯಿಂದ ಐದಾರು ಮೀಟರ್ ಇಳಿದು ತಳದಲ್ಲಿ ನಡೆಯುವುದು. ಮುಖ ಒದ್ದೆಯಾಗುವುದಿಲ್ಲ, ಈಜು ಬೇಕಿಲ್ಲ. ಮೂಗಿನ ಭಯವಿರುವ ನಿಮ್ಮ ಪತ್ನಿಯವರಿಗೆ ಸ್ಕೂಬಾಗಿಂತ ಇದು ಹಿತವಾದೀತು. ಆದರೆ ಕಿವಿಯ ಲೆಕ್ಕ ಇಲ್ಲಿಯೂ ಅದೇ. ಜೆಟ್ ಸ್ಕೀ, ಬನಾನಾ ರೈಡ್ ಇವೆಲ್ಲ ಐದು ನಿಮಿಷದ ಕುಲುಕಾಟ. ಅದಕ್ಕಾಗಿ ಅಂಡಮಾನಿಗೆ ಹೋಗಬೇಕಿಲ್ಲ. ಬಾರಾತಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ರಸ್ತೆಯಲ್ಲಿ ಹೋದರೆ ನಸುಕಿಗೆ ಎದ್ದು ಜಾರವಾ ಬುಡಕಟ್ಟಿನವರ ಮೀಸಲು ಅರಣ್ಯದೊಳಗೆ ವಾಹನಗಳ ಸಾಲಿನಲ್ಲಿ ಸಾಗಬೇಕು. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿತ್ತು. ಕಿಟಕಿಯಿಂದ ಮನುಷ್ಯರನ್ನು ಹುಡುಕುತ್ತಾ ಹೋಗುವ ಆ ಪ್ರಯಾಣ ನನಗೆ ಎಂದೂ ಹಿಡಿಸಿಲ್ಲ. ಗುಹೆಯಲ್ಲಿ ತೆವಳುವ ಆಸೆ ಮಕ್ಕಳಿಗಿದ್ದರೆ ಅಂತರಗಂಗೆ ಬೆಟ್ಟ ಇಲ್ಲೇ ಇದೆ, ಒಂದು ಭಾನುವಾರ ಗೈಡ್ ಜೊತೆ ಹೋಗಿ ಬನ್ನಿ. ಕಾಲಿಗೆ ಕಸುವು ಬಂದಂತೆಯೂ ಆಯಿತು.

ನಡಿಗೆ ಬೇಕೆಂದರೆ ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಿಗೆ ಕಾಡಿನ ನಡುವೆ ಕಾಲುದಾರಿಯಿದೆ, ಸ್ಥಳೀಯ ಗೈಡ್ ಬೇಕು. ನಡೆಯಲಾರದವರಿಗೆ ಜೆಟ್ಟಿಯಿಂದ ದೋಣಿಯಿದೆ. ಸ್ನಾರ್ಕೆಲಿಂಗಿಗೆ ನಾನು ಮೊದಲು ಹೇಳುವ ಹೆಸರು ಅದೇ. ಹವಳದ ಮೇಲೆ ಕಾಲಿಡಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿ. ಕಲ್ಲಿನಂತೆ ಕಾಣುವ ಅದು ಜೀವ. ಅನೇಕ ಜಾತಿಗಳು ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ. 2010ರ ಬೇಸಿಗೆಯಲ್ಲಿ ನೀರು ಕಾದು ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಯಿತು, ಚೇತರಿಸಿಕೊಳ್ಳುತ್ತಿರುವ ಕಡೆ ನಮ್ಮ ಹಿಮ್ಮಡಿ ಬೀಳುವುದು ಬೇಡ. ಇನ್ನು, ಮೊಸಳೆ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, 2010ರಲ್ಲಿಯೇ ಹ್ಯಾವ್‌ಲಾಕಿನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರನ್ನು ಕೊಂದ ಪ್ರಸಂಗವೂ ಇದೆ. ಹೆದರಿ ಮನೆಯಲ್ಲಿ ಕೂರುವಷ್ಟು ಅಪಾಯವಲ್ಲ. ಫಲಕ ಹಾಕಿರುವ ಕಡೆ, ತೊರೆ ಸಮುದ್ರ ಸೇರುವ ಕಡೆ, ಮುಸ್ಸಂಜೆಯ ಮೇಲೆ ನೀರಿಗಿಳಿಯಬೇಡಿ. ರಕ್ಷಕರು ಸೀಟಿ ಊದಿದರೆ ಅದು ಊರ ಜಾತ್ರೆಯ ಪೊಲೀಸಿನ ಸೀಟಿಯಲ್ಲ, ತಕ್ಷಣ ಮೇಲೆ ಬನ್ನಿ.

ದಿನಗಳ ಜೋಡಣೆಗೆ ನನ್ನದು ಒಂದೇ ಸೂತ್ರ: ಆಳದ ಕೆಲಸ ಮೊದಲು, ಮೇಲಿನ ಕೆಲಸ ಆಮೇಲೆ, ಹಡಗಿನ ಕೆಲಸ ವಿಮಾನಕ್ಕಿಂತ ಒಂದು ದಿನ ಮುಂಚೆ. ಏಜೆಂಟರ ಪಟ್ಟಿಯಲ್ಲಿ ಸ್ಕೂಬಾ ಐದನೇ ದಿನಕ್ಕಿದ್ದರೆ ಅಲ್ಲಿಯೇ ತಪ್ಪು. ಆಳದಲ್ಲಿ ಒತ್ತಡದಿಂದ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಬರಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ, ಅದರೊಳಗಿನ ಗಾಳಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುವುದರಿಂದ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಆ ಸಾರಜನಕ ಗುಳ್ಳೆಗಟ್ಟುತ್ತದೆ. ಒಂದು ಸಲ ಇಳಿದವರು ಕನಿಷ್ಠ 12 ಗಂಟೆ, ಹೆಚ್ಚು ಸಲ ಇಳಿದವರು 18 ಗಂಟೆ ವಿಮಾನ ಹತ್ತಬಾರದೆಂದು ನಿಯಮ. ನಾನು ಎಲ್ಲರಿಗೂ ಒಂದು ಪೂರ್ತಿ ದಿನ ಬಿಡಿಸುತ್ತೇನೆ.

ನಿಮ್ಮ ಪ್ರವಾಸಕ್ಕೆ ಒಂದು ದಿನ ಸೇರಿಸಿ ಏಳು ಮಾಡಿ. ಬೆಂಗಳೂರಿನಿಂದ ಎರಡೂವರೆ, ಮೂರು ಗಂಟೆಯ ವಿಮಾನ. ಪೋರ್ಟ್ ಬ್ಲೇರ್, 2024ರಿಂದ ಶ್ರೀ ವಿಜಯ ಪುರಂ, ತಲುಪಿದ ದಿನ ಸೆಲ್ಯುಲರ್ ಜೈಲು ನೋಡಿ ಬೇಗ ಮಲಗಿ. ಮರುದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್. ವೇಗದ ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಇನ್ನೂ ಹೆಚ್ಚು. ವಾಂತಿಯಾಗುವವರು ವೈದ್ಯರು ಹೇಳಿದ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲೇ ನುಂಗಬೇಕು, ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಮೂರನೇ ದಿನ ಬೆಳಿಗ್ಗೆ ಸ್ಕೂಬಾ, ಆ ದಿನಕ್ಕೆ ಅಷ್ಟೇ. ನಾಲ್ಕನೇ ದಿನ ಎಲಿಫೆಂಟ್ ಬೀಚ್, ರಾತ್ರಿ ಕಯಾಕ್. ಮೂರನೇ ದಿನ ಗಾಳಿ ಎದ್ದರೆ ಸ್ಕೂಬಾ ನಾಲ್ಕಕ್ಕೆ ಸರಿಯಲಿ. ಅದಕ್ಕಾಗಿಯೇ ಈ ಜೋಡಣೆ. ಐದನೇ ದಿನ ನೀಲ್ ದ್ವೀಪ. ಅಲ್ಲಿಯ ಕಲ್ಲಿನ ಸೇತುವೆಗೆ ಇಳಿತದ ಹೊತ್ತಿನಲ್ಲಿ ಮಾತ್ರ ನಡೆದುಹೋಗಬಹುದು. ಇಳಿತದ ಸಮಯವನ್ನು ಹಿಂದಿನ ರಾತ್ರಿಯೇ ಲಾಡ್ಜಿನವರಿಂದ ಕೇಳಿಟ್ಟುಕೊಳ್ಳಿ. ಆರನೇ ದಿನ ಹಡಗಿನಲ್ಲಿ ವಾಪಸ್, ಏಳನೇ ದಿನ ವಿಮಾನ. ವಿಮಾನದ ದಿನವೇ ಹಡಗು ನಂಬಿಕೊಂಡವರು ಜೆಟ್ಟಿಯಲ್ಲಿ ಕುಳಿತು ಆಕಾಶದಲ್ಲಿ ತಮ್ಮ ವಿಮಾನ ಹೋಗುವುದನ್ನು ನೋಡಿದ್ದಾರೆ.

ಮಾಮೂಲಿ ಪ್ರವಾಸ ವಿಮೆ ಸ್ಕೂಬಾವನ್ನು ಹೊರಗಿಟ್ಟಿರುವುದು ಸಾಮಾನ್ಯ, ಷರತ್ತು ಓದಿ. ಎಲ್ಲ ಟಿಕೆಟಿನ ಒಂದು ಪ್ರತಿ ಕಾಗದದ ಮೇಲಿರಲಿ, ಸ್ವಲ್ಪ ನಗದು ಇರಲಿ. ಅಷ್ಟು ದೂರ ಹೋಗುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಮಗಳಿಗೆ ಅನ್ನಿಸಿದರೆ ನಮ್ಮದೇ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಮಳೆಗಾಲ ಬಿಟ್ಟು ಸ್ಕೂಬಾ ಮಾಡಿಸುತ್ತಾರೆ; ಡಿಸೆಂಬರಿನಲ್ಲಿ ಒಂದು ವಾರಾಂತ್ಯ ಸಾಕು. ಆದರೆ ವೈದ್ಯರ ಪತ್ರ ಅಲ್ಲಿಗೂ ಬೇಕು.

ಇನ್ನು ನಿಮ್ಮ ತಾಯಿಯವರು. ಅವರ ಸಮುದ್ರಸ್ನಾನಕ್ಕೆ ಹ್ಯಾವ್‌ಲಾಕಿನ ರಾಧಾನಗರದ ಬೆಳಗಿನ ಹೊತ್ತು, ಮೊಣಕಾಲು ಮಟ್ಟದ ನೀರು, ಎರಡೂ ಕಡೆ ಇಬ್ಬರು ಮೊಮ್ಮಕ್ಕಳು. ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬಾರದೆಂದು ಅವರಿಗಿಂತ ಹೆಚ್ಚಾಗಿ ಫೋಟೊ ತೆಗೆಯುವವರಿಗೆ ಹೇಳಿ. ನೀಲ್ ದ್ವೀಪದ ಭರತಪುರದಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಯಿದೆ. ಕುಳಿತಲ್ಲಿಂದಲೇ ಹವಳ, ಮೀನು ಕಾಣುತ್ತವೆ, ಸೀರೆಯ ಅಂಚೂ ನೆನೆಯುವುದಿಲ್ಲ. ಶಂಖವನ್ನು ಮಾತ್ರ ತೀರದಲ್ಲಿ ಹೆಕ್ಕಬಾರದು. ಹವಳದ ಸತ್ತ ಚೂರು ಕೂಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ಹಲವು ಚಿಪ್ಪುಗಳೂ ಬರುತ್ತವೆ. ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸಿ ತೆಗೆಸುತ್ತಾರೆ, ಆ ವಯಸ್ಸಿನಲ್ಲಿ ಅವರಿಗೆ ಆ ಮುಜುಗರ ಬೇಡ. ಪೋರ್ಟ್ ಬ್ಲೇರಿನಲ್ಲಿ ಸಾಗರಿಕಾ ಎಂಬ ಸರ್ಕಾರಿ ಮಳಿಗೆಯಿದೆ. ಆರನೇ ದಿನ ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋಗಿ, ಶಂಖ ಇದ್ದರೆ ಅವರೇ ಒಂದೊಂದಾಗಿ ಊದಿ ನೋಡಿ ಆರಿಸಿಕೊಳ್ಳಲಿ. ಬಿಲ್ಲನ್ನು ಶಂಖದ ಜೊತೆಯಲ್ಲಿಯೇ, ಕೈಚೀಲದ ಮೇಲ್ಗಡೆ ಸಿಗುವ ಹಾಗೆ ಇಟ್ಟುಕೊಳ್ಳಿ.